ಸಡಿಲಿಕೆ, ವಿನಾಯಿತಿ, ತೆರವು: ಕೊರೋನಾ ಕಾಲದ ಬಳಕೆಯ ಬಗ್ಗೆ ಪ್ರಶ್ನೆ

ಮಾನ್ಯರೇ,

ಉಡುಪಿ ಜಿಲ್ಲೆಯ ಕಡಲ ಬದಿಯಲ್ಲಿರುವ ನಮ್ಮ ಊರಿನ ಗ್ರಂಥಾಲಯ ಸಮಿತಿಯವರು 2020ರ ಮಾರ್ಚ್‌ನಿಂದ 2022ರ ಆರಂಭದವರೆಗಿನ ದಿನಗಳನ್ನು ಜನರ ಮಾತಿನಲ್ಲೇ ಬರೆದಿಡುವ ಕೆಲಸಕ್ಕೆ ಕೈಹಾಕಿದ್ದಾರೆ. ಮೀನು ಮಾರುವ ಹೆಂಗಸರು, ಬಸ್ ನಿರ್ವಾಹಕರು, ಹೋಟೆಲಿನವರು, ಯಕ್ಷಗಾನ ಕಲಾವಿದರು, ಕಾಸರಗೋಡು ಕಡೆಯಿಂದ ಮಂಗಳೂರಿಗೆ ದಿನವೂ ಕೆಲಸಕ್ಕೆ ಬಂದುಹೋಗುತ್ತಿದ್ದವರು ಹೇಳಿದ್ದನ್ನು ಬರೆದುಕೊಂಡ ಕರಡನ್ನು ತಿದ್ದುವ ಹೊಣೆ ನನ್ನದು. ಸರ್ಕಾರ ನಿರ್ಬಂಧಗಳನ್ನು ಕಡಿಮೆ ಮಾಡುತ್ತ ಬಂದಾಗ ಜನರು ಅದನ್ನು ಹೇಗೆ ಕಂಡರು ಎಂಬುದಕ್ಕೆ ಅದರಲ್ಲಿ ಒಂದು ಅಧ್ಯಾಯ ಮೀಸಲಾಗಿದೆ. ಆ ಅಧ್ಯಾಯದ ಉದ್ದಕ್ಕೂ ‘ಸಡಿಲಿಕೆ’ ಎಂಬ ಒಂದೇ ಪದ ಬಂದು, ಯಾರು ಯಾವುದಕ್ಕೆ ಸಂತೋಷಪಟ್ಟರು, ಯಾರು ಯಾವುದನ್ನು ವಿರೋಧಿಸಿದರು ಎಂಬುದೇ ಕಾಣದಂತಾಗಿದೆ. ‘ಸಡಿಲಿಕೆಗೆ ಸ್ವಾಗತ’, ‘ಸಡಿಲಿಕೆಗೆ ಆಕ್ಷೇಪ’ ಎಂದು ಬರೆದರೆ ಹತ್ತು ವರ್ಷ ಕಳೆದು ಓದುವವರಿಗೆ ಏನು ತಿಳಿದೀತು? ಈ ಕಾರಣಕ್ಕಾಗಿ ಕೆಲವು ಪದಗಳ ಅರ್ಥವ್ಯಾಪ್ತಿಯನ್ನು ನಿಮ್ಮ ಮುಂದಿಟ್ಟು ಸಲಹೆ ಕೇಳುತ್ತಿದ್ದೇನೆ.

‘ಸಡಿಲ’ ಎಂಬುದು ಸಂಸ್ಕೃತದ ‘ಶಿಥಿಲ’ದ ತದ್ಭವ. ಇಂದಿನ ಕನ್ನಡದಲ್ಲಿ ಇವೆರಡೂ ಉಳಿದುಕೊಂಡು ಬೇರೆ ಬೇರೆ ಕೆಲಸ ಮಾಡುತ್ತಿವೆ: ಹಳೆಯ ಕಟ್ಟಡ ಶಿಥಿಲವಾಗುತ್ತದೆ, ಬಿಗಿದ ಗಂಟು ಸಡಿಲವಾಗುತ್ತದೆ. ಗಂಟು ಸಡಿಲವಾಗಿದೆ ಎಂದರೆ ಗಂಟು ಇನ್ನೂ ಇದೆ ಎಂದೇ ಅರ್ಥ. ಆದುದರಿಂದ ‘ನಿರ್ಬಂಧ ಸಡಿಲಿಕೆ’ ಎಂಬ ಪ್ರಯೋಗ ಸರಿಯಾಗಬೇಕಾದರೆ ನಿರ್ಬಂಧ ಜಾರಿಯಲ್ಲಿದ್ದು, ಅದರ ಬಿಗಿ ಮಾತ್ರ ಕಡಿಮೆಯಾಗಿರಬೇಕು. 2021ರ ಜೂನ್‌ನಲ್ಲಿ ಅಗತ್ಯ ವಸ್ತುಗಳ ಅಂಗಡಿಗಳನ್ನು ಮುಚ್ಚಬೇಕಾದ ಸಮಯವನ್ನು ಬೆಳಿಗ್ಗೆ 10 ಗಂಟೆಯಿಂದ ಮಧ್ಯಾಹ್ನ 2 ಗಂಟೆಗೆ ಮುಂದಕ್ಕೆ ಹಾಕಿದ್ದು ಈ ಅರ್ಥದಲ್ಲಿ ಶುದ್ಧವಾದ ಸಡಿಲಿಕೆ. ಇನ್ನೊಂದು ಛಾಯೆಯೂ ಇದೆ. ‘ಸಡಿಲ ಬಿಡು’ ಎಂದಾಗ ಅಲ್ಲಿ ಬೇಜವಾಬ್ದಾರಿಯ ಸುಳಿವು ಸೇರಿಕೊಳ್ಳುತ್ತದೆ. ಸರ್ಕಾರ ಅವಸರಪಟ್ಟಿತು ಎಂದು ಅಂಜಿದವರು, ಅದರಲ್ಲೂ ಮನೆಯಲ್ಲಿ ವಯಸ್ಸಾದವರಿದ್ದವರು, ‘ಇಷ್ಟು ಸಡಿಲ ಬಿಡಬಾರದಿತ್ತು’ ಎಂದೇ ನಮ್ಮ ಮುಂದೆ ಹೇಳಿದ್ದಾರೆ. ಹೀಗೆ ಒಂದೇ ಪದವು ಅಂಗಡಿಯವನ ಬಾಯಲ್ಲಿ ಉಪಕಾರವಾಗಿಯೂ, ರೋಗಿಯ ಮನೆಯವರ ಬಾಯಲ್ಲಿ ದೂರಾಗಿಯೂ ಬಂದಿದೆ. ಕರಡಿನಲ್ಲಿ ಈ ಎರಡನ್ನೂ ‘ಸಡಿಲಿಕೆ’ ಎಂಬ ನಾಮಪದಕ್ಕೆ ಇಳಿಸಿದ್ದರಿಂದ ಆ ಭೇದ ಅಳಿಸಿಹೋಗಿದೆ.

‘ವಿನಾಯಿತಿ’ಯ ವಿಷಯ ಬೇರೆ. ನಿಯಮ ಎಲ್ಲರಿಗೂ ಇದ್ದ ಹಾಗೆಯೇ ಇದ್ದು, ಒಂದು ಕಸುಬನ್ನೋ ಒಂದು ವರ್ಗವನ್ನೋ ಅದರಿಂದ ಹೊರಗಿಟ್ಟರೆ ಅದು ವಿನಾಯಿತಿ. 2020ರ ಏಪ್ರಿಲ್ 10ರಂದು ಕೇಂದ್ರ ಗೃಹ ಸಚಿವಾಲಯ ಮೀನುಗಾರಿಕೆಯನ್ನು ಲಾಕ್‌ಡೌನ್ ನಿಯಮಗಳಿಂದ ಹೊರಗಿಟ್ಟಾಗ ಅದನ್ನು ಸಡಿಲಿಕೆ ಎನ್ನುವುದಕ್ಕಿಂತ ವಿನಾಯಿತಿ ಎನ್ನುವುದೇ ಸರಿ. ವಿನಾಯಿತಿ ಎಂದೊಡನೆ ಜನರ ಪ್ರತಿಕ್ರಿಯೆಯ ದಾರಿಯೂ ಬದಲಾಗುತ್ತದೆ, ಏಕೆಂದರೆ ಅಲ್ಲಿ ಹೋಲಿಕೆ ಹುಟ್ಟುತ್ತದೆ. ಅದೇ ವರ್ಷದ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದಾಗ ಜಿಲ್ಲೆಯಲ್ಲಿ ಕೇಳಿಬಂದ ಮಾತು ‘ಅಂಗಡಿ ತೆರೆದದ್ದು ತಪ್ಪು’ ಎನ್ನುವುದಕ್ಕಿಂತ ಹೆಚ್ಚಾಗಿ ‘ಅದಕ್ಕೆ ಉಂಟು, ದೇವಸ್ಥಾನಕ್ಕೆ ಯಾಕಿಲ್ಲ, ಕ್ಷೌರದಂಗಡಿಗೆ ಯಾಕಿಲ್ಲ’ ಎಂಬುದಾಗಿತ್ತು. ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಕ್ಷೌರಿಕರೊಬ್ಬರು ಇದನ್ನೇ ನಮಗೆ ವಿವರವಾಗಿ ಹೇಳಿದರು. ಅವರ ಕೋಪವಿದ್ದದ್ದು ನಿರ್ಬಂಧದ ಮೇಲಲ್ಲ, ವಿಂಗಡಣೆಯ ಮೇಲೆ. ಅವರ ಮಾತಿಗೆ ‘ಸಡಿಲಿಕೆಗೆ ವಿರೋಧ’ ಎಂಬ ತಲೆಬರಹ ಹಾಕಿದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಕರಡಿನ ಕೆಲವು ಕಡೆ ‘ರಿಯಾಯಿತಿ’ ಎಂದೂ ಇದೆ. ಬೆಲೆಯಲ್ಲಿ ಬಿಡುವ ಪಾಲಿಗೆ ಈ ಪದ ಈಗ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ಕೈಬಿಡಬಹುದೆಂದು ನನ್ನ ಅಭಿಪ್ರಾಯ.

‘ತೆರವು’ ಎಂಬ ಪದದ ಬಗ್ಗೆ ನನಗೆ ಹೆಚ್ಚು ಯೋಚನೆಯಾಗಿದೆ. ಎಡೆ, ಬಿಡುವು ಎಂಬ ಅರ್ಥದ ಹಳಗನ್ನಡದ ತೆರಪು, ತೆರಹುಗಳ ಬಳಗದ ಪದವಿದು. ಇಂದು ಶಾಸಕರ ನಿಧನದಿಂದ ಸ್ಥಾನ ತೆರವಾಗುತ್ತದೆ, ಅತಿಕ್ರಮಣ ಮಾಡಿದ ಕಟ್ಟಡವನ್ನು ತೆರವುಗೊಳಿಸುತ್ತಾರೆ. ಎರಡರಲ್ಲೂ ಇದ್ದದ್ದು ಪೂರ್ತಿಯಾಗಿ ಹೋಗಿ ಜಾಗ ಖಾಲಿಯಾಗಬೇಕು. ಸೋಂಕು ಕಂಡ ಮನೆಗೋ ಬೀದಿಗೋ ಅಡ್ಡ ಕಟ್ಟಿದ್ದನ್ನು ತೆಗೆದಾಗ ‘ಸೀಲ್‌ಡೌನ್ ತೆರವು’ ಎಂದು ಬರೆದದ್ದು ಬಹಳ ಹೊಂದಿಕೆಯಾದ ಪ್ರಯೋಗ, ಏಕೆಂದರೆ ಅಲ್ಲಿ ಅಡ್ಡವಿದ್ದ ವಸ್ತುವೇ ಇಲ್ಲವಾಯಿತು. ಕೇರಳದ ಗಡಿಯಲ್ಲಿರುವ ತಲಪಾಡಿ ಮತ್ತು ಅದರ ಆಚೀಚಿನ ಒಳದಾರಿಗಳಲ್ಲಿ 2020ರಲ್ಲಿ ಸುರಿದಿದ್ದ ಮಣ್ಣಿನ ರಾಶಿಗೂ ಅದೇ ಪದ ಸಲ್ಲುತ್ತದೆ. ಆದರೆ ‘ಲಾಕ್‌ಡೌನ್ ತೆರವು’ ಎಂಬ ಶೀರ್ಷಿಕೆಯ ಕೆಳಗೆ ರಾತ್ರಿ ಕರ್ಫ್ಯೂ, ಮಾಸ್ಕ್, ಮದುವೆಗೆ ಸೇರಬಹುದಾದವರ ಮಿತಿ ಇವೆಲ್ಲ ಮುಂದುವರಿದ ವಿವರವಿದ್ದರೆ, ಶೀರ್ಷಿಕೆಯನ್ನಷ್ಟೇ ಓದಿ ಹೊರಟವರನ್ನು ದೂರುವುದು ಹೇಗೆ? ನಿಯಮ ಮೀರಿದರೆಂದು ದಂಡ ತೆತ್ತ ಕೆಲವರು ‘ತೆಗೆದಿದ್ದಾರೆ ಅಂತ ಪೇಪರಿನಲ್ಲಿತ್ತು’ ಎಂದು ಹೇಳಿದ್ದನ್ನು ನಾನು ನೆಪವೆಂದು ಎಣಿಸುವುದಿಲ್ಲ.

ಅದೇ ಕಾಲದ ‘ಅನ್‌ಲಾಕ್’ ಎಂಬ ಎರವಲು ಪದ ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. 2020ರ ಜೂನ್ 8ರಿಂದ ದೇವಸ್ಥಾನ, ಹೋಟೆಲ್, ಮಾಲ್‌ಗಳಿಗೆ ಅವಕಾಶ ಸಿಕ್ಕಿದ್ದು ಮೊದಲ ಅನ್‌ಲಾಕ್. ಜುಲೈ 1ರಿಂದ ಎರಡನೆಯದು. ಆ ಎರಡನೆಯದು ನಡೆಯುತ್ತಿರುವಾಗಲೇ ಜುಲೈ ನಡುವಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ವಾರದ ಲಾಕ್‌ಡೌನ್ ಬಂತು. ದೇಶಕ್ಕೆ ಅನ್‌ಲಾಕ್, ಜಿಲ್ಲೆಗೆ ಲಾಕ್‌ಡೌನ್ ಎಂಬ ಸ್ಥಿತಿಯನ್ನು ಜನರಿಗೆ ವಿವರಿಸುವಷ್ಟು ಖಚಿತವಾದ ಪದಗಳು ಆಗ ಯಾರ ಬಳಿಯೂ ಇರಲಿಲ್ಲ. ಅಲ್ಲದೆ, ಅವಕಾಶ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆಯಿತೆಂದೂ ಅಲ್ಲ. ಜೂನ್ 8ರ ಅನುಮತಿಯ ನಂತರವೂ ಉಡುಪಿಯ ಕೃಷ್ಣ ಮಠ ಭಕ್ತರ ಪ್ರವೇಶವನ್ನು ಕೂಡಲೇ ಆರಂಭಿಸಲಿಲ್ಲ. ಸರ್ಕಾರದ ಕಡೆಯಿಂದ ಆದದ್ದು ‘ಅನುಮತಿ’, ಸಂಸ್ಥೆಯ ಕಡೆಯಿಂದ ಆಗಬೇಕಾದದ್ದು ‘ಪುನರಾರಂಭ’. ಈ ಎರಡನ್ನೂ ಸಡಿಲಿಕೆಯೊಳಗೆ ತುಂಬಿಸಬಾರದು.

ಯೋಜನೆ ಮತ್ತು ಆದೇಶಗಳ ನಡುವಿನ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕಾಗಿದೆ. 2021ರ ಫೆಬ್ರವರಿ 22ರಂದು ಬ್ರಿಟನ್ ಸರ್ಕಾರ ಇಂಗ್ಲೆಂಡಿಗೆ ನಾಲ್ಕು ಹಂತಗಳ ಯೋಜನೆಯನ್ನು ಮುಂಚಿತವಾಗಿ ಪ್ರಕಟಿಸಿ, ಪ್ರತಿ ಹಂತಕ್ಕೂ ‘ಇದಕ್ಕಿಂತ ಮೊದಲಿಲ್ಲ’ ಎಂಬ ದಿನಾಂಕವನ್ನು ಹೇಳಿತ್ತು. ಕೊನೆಯ ಹಂತ ಜೂನ್ 21ರಿಂದ ಜುಲೈ 19ಕ್ಕೆ ಮುಂದೆ ಹೋಯಿತು. ಅಲ್ಲಿಯ ಜನರ ಚರ್ಚೆ ನಡೆದದ್ದು ಇನ್ನೂ ಆಗಬೇಕಾದುದರ ಮೇಲೆ. ನಮ್ಮಲ್ಲಿ ಹೆಚ್ಚಿನ ಸಲ ಒಂದು ಆದೇಶದ ಅವಧಿ ಮುಗಿಯಲು ಕೆಲವೇ ದಿನಗಳಿರುವಾಗ ಮುಂದಿನ ಆದೇಶ ಬರುತ್ತಿದ್ದುದರಿಂದ ಜನರು ಪ್ರತಿಕ್ರಿಯಿಸಿದ್ದು ಆದೇಶಕ್ಕೆ, ಯೋಜನೆಗಲ್ಲ. ‘ಮಾರ್ಗಸೂಚಿ’ ಎಂಬ ಪದ ಪಾಲಿಸಬೇಕಾದ ನಿಯಮಗಳ ಪಟ್ಟಿಗೆ ಆಗಲೇ ಬಳಕೆಯಾಗಿ ಹೋಗಿದ್ದರಿಂದ ಹಂತಹಂತದ ಯೋಜನೆಗೆ ಬೇರೆ ಪದ ಬೇಕಾಗಿದೆ. ‘ಮಾರ್ಗನಕ್ಷೆ’ ಒಪ್ಪಬಹುದೇ?

ಮೊದಲೇ ಗೊತ್ತಿರುವ ದಿನಾಂಕ ಭಾಷೆಯನ್ನು ಹೇಗೆ ಬದಲಾಯಿಸುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ನಿದರ್ಶನವಿದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. 2020ರಲ್ಲಿ ಪಶ್ಚಿಮ ಕರಾವಳಿಗೆ ಅದನ್ನು ಕಡಿಮೆ ಮಾಡಿ ಜೂನ್ 15ರಿಂದ ಆರಂಭಿಸಿದ್ದರು. ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ (ಮೀನುಗಾರಿಕೆಯ ಬಂದರು) ಆಗಸ್ಟ್ ಮೊದಲ ವಾರದಲ್ಲಿ ‘ನಿಷೇಧ ಸಡಿಲವಾಯಿತು’ ಎಂದು ಯಾರೂ ಹೇಳುವುದಿಲ್ಲ. ‘ನಿಷೇಧ ಮುಗಿಯಿತು’ ಎನ್ನುತ್ತಾರೆ. ಅವಧಿಗೆ ಕೊನೆಯಿದೆ, ಆದ್ದರಿಂದ ಯಾರ ಕೃಪೆಯ ಪ್ರಶ್ನೆಯೂ ಬರುವುದಿಲ್ಲ. ಇದಕ್ಕೆ ಎದುರಾಗಿ ಯಕ್ಷಗಾನ ಮೇಳಗಳ ಸ್ಥಿತಿಯನ್ನು ನೋಡಬೇಕು. ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಭಾಗಕ್ಕೆ, ಮುಗಿಯುವಂಥದ್ದು. 2020ರ ಮಾರ್ಚ್‌ನಲ್ಲಿ ನಿಂತುಹೋದ ಆಟಗಳಿಗೆ ಜೂನ್‌ನಲ್ಲಿ ಸಿಗುವ ಯಾವ ಅವಕಾಶವೂ ಪ್ರಯೋಜನಕ್ಕೆ ಬಾರದು. ಹೊರಗೆ ಮಳೆ, ಒಳಗೆ ಕಟ್ಟಿಟ್ಟ ಪೆಟ್ಟಿಗೆ. ಒಬ್ಬ ವೇಷಧಾರಿಗಳು ಆ ವರ್ಷದ ಸಡಿಲಿಕೆಯ ಬಗ್ಗೆ ತಮಗೆ ಹೇಳುವುದಕ್ಕೆ ಏನೂ ಇಲ್ಲ ಎಂದಾಗ, ಅದನ್ನು ಬರೆದುಕೊಂಡ ನಮ್ಮ ಯುವಕರು ‘ಪ್ರತಿಕ್ರಿಯೆ ಇಲ್ಲ’ ಎಂದು ನಮೂದಿಸಿದ್ದಾರೆ. ಅದೂ ಒಂದು ಪ್ರತಿಕ್ರಿಯೆಯೇ, ಬಹುಶಃ ಉಳಿದವುಗಳಿಗಿಂತ ಭಾರವಾದದ್ದು. ಅದನ್ನು ಅಡಿಟಿಪ್ಪಣಿಯಲ್ಲಿ ವಿವರಿಸಲು ತೀರ್ಮಾನಿಸಿದ್ದೇನೆ.

2021ರ ಜೂನ್ 14ರ ಆದೇಶ ನಮ್ಮ ಭಾಗದವರಿಗೆ ಇನ್ನೊಂದು ಪಾಠವಾಯಿತು. ಸೋಂಕಿನ ದರ ಹೆಚ್ಚಿದ್ದ 11 ಜಿಲ್ಲೆಗಳನ್ನು ಆ ದಿನದ ಸಡಿಲಿಕೆಯಿಂದ ಹೊರಗಿಟ್ಟಿದ್ದರು. ದಕ್ಷಿಣ ಕನ್ನಡ ಅದರಲ್ಲಿತ್ತು, ಉಡುಪಿ ಇರಲಿಲ್ಲ. ಶಾಂಭವಿ ಹೊಳೆಯ ಈಚೆ ಹೆಜಮಾಡಿಯಲ್ಲಿ ಒಂದು ನಿಯಮ, ಆಚೆ ಮೂಲ್ಕಿಯಲ್ಲಿ ಇನ್ನೊಂದು. ಮೂಲ್ಕಿ ಕಡೆಯವರ ಮಾತಿನಲ್ಲಿ ಕಾಣುವ ಬೇಸರಕ್ಕೆ ‘ಮುಂದುವರಿಕೆ’ ಎಂಬ ಪದ ಸಾಕಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಎಲ್ಲರಿಗೂ ಮುಂದುವರಿದಾಗ ಆಗದ ಬೇಸರ, ನೆರೆಯವರಿಗೆ ಕೊಟ್ಟು ತಮ್ಮನ್ನು ಬಿಟ್ಟಾಗ ಆಗುತ್ತದೆ. ಇದನ್ನು ಒಂದೇ ಪದದಲ್ಲಿ ಹೇಳುವ ಬಗೆ ಕನ್ನಡದಲ್ಲಿ ಉಂಟೇ?

ಇನ್ನು ಜನರೇ ಬಳಸಿದ ಪದಗಳ ವಿಚಾರ. ನಾವು ಮಾತನಾಡಿಸಿದವರಲ್ಲಿ ‘ಸಡಿಲಿಕೆ’ ಎಂದು ತಾವಾಗಿ ಹೇಳಿದವರು ವಿರಳ. ಅವರ ಮಾತಿನಲ್ಲಿ ಬರುವುದು ‘ಬಿಡು’ ಮತ್ತು ‘ಕೊಡು’ ಎಂಬ ಎರಡು ಕ್ರಿಯಾಪದಗಳು. ‘ಬಸ್ಸು ಬಿಟ್ಟಿದ್ದಾರಂತೆ’, ‘ತಲಪಾಡಿಯಲ್ಲಿ ಬಿಡ್ತಾರಾ’, ‘ಹತ್ತು ಗಂಟೆಯವರೆಗೆ ಟೈಮ್ ಕೊಟ್ಟಿದ್ದಾರೆ’. ತುಳುವಿನಲ್ಲೂ ‘ಬುಡ್ಪೆರಾ’ ಎಂಬುದೇ ಕೇಳುವ ರೀತಿ. ಈ ವಾಕ್ಯಗಳಲ್ಲಿ ಹೆಸರಿಸದಿದ್ದರೂ ಒಬ್ಬ ಕರ್ತೃ ಇದ್ದೇ ಇದ್ದಾನೆ: ಯಾರೋ ತಡೆದಿದ್ದರು, ಈಗ ಅವರೇ ಬಿಟ್ಟಿದ್ದಾರೆ. ‘ಸಡಿಲಿಕೆ’ ಎಂಬ ನಾಮಪದದಲ್ಲಿ ಆ ಕರ್ತೃ ಕಾಣಿಸುವುದಿಲ್ಲ. ಮಳೆ ಕಡಿಮೆಯಾದ ಹಾಗೆ ನಿರ್ಬಂಧವೂ ತಾನಾಗಿ ಕಡಿಮೆಯಾಯಿತೆಂಬ ಭಾವನೆ ಬರುತ್ತದೆ. ಸರ್ಕಾರದ ತೀರ್ಮಾನಕ್ಕೆ ಜನ ಏನೆಂದರು ಎಂದು ದಾಖಲಿಸುವ ಅಧ್ಯಾಯದಲ್ಲಿ ತೀರ್ಮಾನ ಮಾಡಿದವರು ವಾಕ್ಯದಿಂದ ಬಿಟ್ಟುಹೋಗಬಾರದು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ‘ಸರ್ಕಾರ ಸಡಿಲಿಸಿತು’, ‘ಜಿಲ್ಲಾಡಳಿತ ಅನುಮತಿ ಕೊಟ್ಟಿತು’ ಎಂದು ಕ್ರಿಯಾಪದಕ್ಕೆ ಮರಳುತ್ತಿದ್ದೇನೆ. 2022ರ ಜನವರಿ 21ರಂದು ವಾರಾಂತ್ಯದ ಕರ್ಫ್ಯೂವನ್ನು ಹಿಂತೆಗೆದುಕೊಂಡ ಸಂದರ್ಭಕ್ಕೆ ‘ರದ್ದುಪಡಿಸಿತು’ ಎಂಬುದೇ ತಕ್ಕುದು. ವರ್ತಕರು, ಹೋಟೆಲಿನವರು ಒತ್ತಾಯಿಸಿದ್ದು ಅದನ್ನೇ, ಬಿಗಿ ಕಡಿಮೆ ಮಾಡುವುದನ್ನಲ್ಲ.

ಕೊನೆಯದಾಗಿ ‘ನಿಟ್ಟುಸಿರು’. ನಿಡಿದು ಎಂಬುದಕ್ಕೆ ಉಸಿರು ಸೇರಿ ಆದ ಈ ಪದ ಹಳೆಯ ಕಾವ್ಯದಲ್ಲಿ ಸಾಮಾನ್ಯವಾಗಿ ದುಃಖದ, ವಿರಹದ, ಹತಾಶೆಯ ಉಸಿರು. ಪತ್ರಿಕೆಗಳಲ್ಲಿ ಈಗ ‘ಕರ್ಫ್ಯೂ ರದ್ದು: ನಿಟ್ಟುಸಿರು ಬಿಟ್ಟ ವ್ಯಾಪಾರಿಗಳು’ ಎಂಬ ಮಾದರಿಯ ಬರವಣಿಗೆಯಲ್ಲಿ ಅದು ನೆಮ್ಮದಿಯ ಉಸಿರಾಗಿದೆ. ಬಳಕೆ ಬದಲಾಗುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ನಮ್ಮ ಕರಡಿನಲ್ಲಿ ಎರಡೂ ಬಂದಿವೆ. ಸಾಲ ಮಾಡಿ ಅಂಗಡಿ ಇಟ್ಟ ಒಬ್ಬರು ಬಾಗಿಲು ತೆರೆಯಬಹುದೆಂದು ತಿಳಿದ ದಿನ ಬಿಟ್ಟ ಉಸಿರು ನೆಮ್ಮದಿಯದ್ದೋ, ಕಟ್ಟಬೇಕಾದ ಬಾಡಿಗೆ ಬಾಕಿಯನ್ನು ನೆನೆದದ್ದೋ ಎಂಬುದು ಬರೆದ ವಾಕ್ಯದಿಂದ ಗೊತ್ತಾಗುವುದಿಲ್ಲ. ಅವರನ್ನೇ ಕೇಳಿದಾಗ ‘ಎರಡೂ’ ಎಂದರು. ಸಂತೋಷದ ಸಂದರ್ಭಕ್ಕೆ ‘ನಿರಾಳ’ ಎಂಬ ಪದವನ್ನೂ ನಮ್ಮ ಕಡೆಯ ‘ಜೀವ ಬಂದ ಹಾಗಾಯಿತು’ ಎಂಬ ಮಾತನ್ನೂ ಇಟ್ಟುಕೊಂಡು, ನಿಟ್ಟುಸಿರನ್ನು ದುಃಖಕ್ಕೆ ಉಳಿಸಿಕೊಳ್ಳೋಣವೆಂದು ನನ್ನ ಮನಸ್ಸು ಹೇಳುತ್ತದೆ. ಸಮಿತಿಯ ಕಿರಿಯರು ಇದನ್ನು ಒಪ್ಪುತ್ತಿಲ್ಲ. ಅವರು ಶಾಲೆಯಿಂದಲೂ ಈ ಪದವನ್ನು ನೆಮ್ಮದಿಯ ಅರ್ಥದಲ್ಲೇ ಕೇಳಿ ಬೆಳೆದವರು.

ಧಾರವಾಡ, ಕಲಬುರಗಿ, ಮೈಸೂರು ಕಡೆಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಊರಿನ ಜನ ಆ ದಿನಗಳಲ್ಲಿ ‘ಬಿಟ್ಟಿದ್ದಾರೆ’ ಎಂಬುದಕ್ಕೆ ಸಮನಾಗಿ ಏನೆನ್ನುತ್ತಿದ್ದರು, ‘ತೆರವು’ ಎಂದಾಗ ನಿಮ್ಮಲ್ಲಿ ಪೂರ್ತಿ ತೆಗೆದುಹಾಕುವ ಅರ್ಥವೇ ಮೊದಲು ಹೊಳೆಯುತ್ತದೆಯೇ, ನೆಮ್ಮದಿಯ ಅರ್ಥದ ‘ನಿಟ್ಟುಸಿರು’ ನಿಮಗೆ ಗೊತ್ತಿರುವ ಮಟ್ಟಿಗೆ ಯಾವ ಕಾಲದ ಬರವಣಿಗೆಯಿಂದ ಕಾಣಿಸುತ್ತದೆ ಎಂಬುದನ್ನು ಉದಾಹರಣೆಯ ವಾಕ್ಯದೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ. ಕುಂದಾಪುರದ ಕಡೆಯವರು ತಮ್ಮ ಆಡುನುಡಿಯ ರೂಪಗಳನ್ನು ಇದ್ದ ಹಾಗೆಯೇ ಬರೆಯಬೇಕಾಗಿ ಕೋರುತ್ತೇನೆ. ಆ ಭಾಗದವರ ಮಾತುಗಳು ನಮ್ಮ ಕರಡಿನಲ್ಲಿ ಇನ್ನೂ ಕಡಿಮೆ ಇವೆ.