‘ಸ್ಟಾಯ್ಕಿಯಾಮೆಟ್ರಿ’: ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು?

ಪ್ರಶ್ನೆ – ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಕೊಪ್ಪಳ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ರಸಾಯನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೇನೆ. ರಾಸಾಯನಿಕ ಕ್ರಿಯೆಯಲ್ಲಿ ವಸ್ತುಗಳ ಪ್ರಮಾಣದ ಲೆಕ್ಕಕ್ಕೆ ಹೇಳುವ stoichiometry ಎಂಬ ಪದವನ್ನು ಸ್ಪೆಲಿಂಗ್ ನೋಡಿ ‘ಸ್ಟೊಯ್ಚಿಯೊಮೆಟ್ರಿ’ ಎಂದು ಓದಿದಾಗ ಗೆಳತಿಯರು ತಪ್ಪೆಂದರು. ಆದರೆ ಸರಿಯಾದುದು ಯಾವುದೆಂಬುದರಲ್ಲಿ ಅವರಲ್ಲೇ ಒಮ್ಮತವಿಲ್ಲ. ಮುಂದಿನ ವಾರ ಇದೇ ವಿಷಯದ ಮೇಲೆ ನನ್ನ ಸೆಮಿನಾರ್ ಇದೆ. ಪದವನ್ನು ಬಿಡಿಸಿ ಹೇಳುವ ಕ್ರಮವನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ – ರಸಾಯನಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ತಂಗಿ, ಇದರಲ್ಲಿ ಐದು ಉಚ್ಚಾರಾಂಶಗಳಿವೆ: ಸ್ಟಾಯ್–ಕಿ–ಆ–ಮ–ಟ್ರಿ. ಒತ್ತು ಮೂರನೆಯದಾದ ‘ಆ’ ಮೇಲೆ ಬೀಳುತ್ತದೆ. ಮೂಲವಸ್ತು ಮತ್ತು ಅಳತೆ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಜರ್ಮನ್ ರಸಾಯನಶಾಸ್ತ್ರಜ್ಞ ಯೆರೆಮಿಯಾಸ್ ಬೆಂಜಮಿನ್ ರಿಕ್ಟರ್ 1792ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಗ್ರೀಕಿನಿಂದ ಬಂದ ಪದಗಳಲ್ಲಿ ಸಿ ಮತ್ತು ಎಚ್ ಜೊತೆಯಾಗಿ ಬಂದರೆ ಸಾಮಾನ್ಯವಾಗಿ ‘ಕ’ ಎಂದೇ ಓದುತ್ತೇವೆ. ಕ್ಲೋರಿನ್, ಕ್ರೋಮಿಯಂ, ಅಷ್ಟೇಕೆ, ಕೆಮಿಸ್ಟ್ರಿಯೂ ಹಾಗೆಯೇ. ಸೆಮಿನಾರಿಗೆ ನಮ್ಮ ಸಂಡೂರಿನ ಅದಿರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ: 160 ಟನ್ ಶುದ್ಧ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಪೂರ್ಣವಾಗಿ ಅಪಕರ್ಷಣಗೊಂಡರೆ, ಅಂದರೆ ತನ್ನ ಆಮ್ಲಜನಕವನ್ನೆಲ್ಲ ಕಳೆದುಕೊಂಡರೆ, 112 ಟನ್ ಕಬ್ಬಿಣ ದೊರೆಯುತ್ತದೆ ಎಂದು ಸಮೀಕರಣದಿಂದ ತೆಗೆಯುವ ಲೆಕ್ಕವೇ ಸ್ಟಾಯ್ಕಿಯಾಮೆಟ್ರಿ.

ಉತ್ತರ – ನಿವೃತ್ತ ಅಧ್ಯಾಪಕಿ, ರಾಯಚೂರು

ನಾವು ಎಡವುವುದು ‘ಕ’ಕಾರದಲ್ಲಿ ಮಾತ್ರವಲ್ಲ ಎಂಬುದು ನನ್ನ ಅನುಭವ. ಕನ್ನಡ ಲಿಪಿಯಲ್ಲಿ ಬರೆದು ಪ್ರಸ್ತಾರ ಹಾಕಿ ನೋಡಮ್ಮ: ಮುಂದೆ ‘ಟ್ರಿ’ ಎಂಬ ಒತ್ತಕ್ಷರ ಇರುವುದರಿಂದ ‘ಮೆ’ ಗುರುವಾಗುತ್ತದೆ, ನಾಲಿಗೆ ತಾನಾಗಿ ಅಲ್ಲಿ ಭಾರ ಹಾಕುತ್ತದೆ. ಇಂಗ್ಲಿಷಿನಲ್ಲಾದರೋ ಆ ಸ್ವರ ಬಹಳ ಹಗುರ, ಕೇಳಿಯೂ ಕೇಳದಷ್ಟು; ಭಾರವೆಲ್ಲ ಅದರ ಹಿಂದಿನ ‘ಆ’ ಮೇಲಿರುತ್ತದೆ. ನಾವು ದಿನವೂ ಹೇಳುವ ಜಾಮೆಟ್ರಿ, ಥರ್ಮಾಮೀಟರ್ ಪದಗಳ ಇಂಗ್ಲಿಷ್ ಉಚ್ಚಾರಣೆಯಲ್ಲಿಯೂ ಇದೇ ಕ್ರಮವಿದೆ. ಆದರೆ ಗುಣವಾಚಕವಾದ ‘ಸ್ಟಾಯ್ಕಿಯೊಮೆಟ್ರಿಕ್’ ಎಂಬಲ್ಲಿ ಒತ್ತು ಮುಂದೆ ಸರಿದು ‘ಮೆಟ್’ ಮೇಲೆ ಬೀಳುವುದರಿಂದ ಅಲ್ಲಿ ನಮ್ಮ ರೂಢಿಯೇ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗೆಳತಿಯ ನಿಘಂಟಿನಲ್ಲಿ ‘ಓ’ ಮತ್ತು ‘ಎಂ’ ಅಕ್ಷರಗಳನ್ನು ಒಂದೇ ತುಂಡಿನಲ್ಲಿಟ್ಟು, ಅದರ ನಂತರ ಚುಕ್ಕೆ ಇಟ್ಟಿದ್ದಾರೆ. ಹಾಗಾದರೆ ‘ಆಮ್’ ಎಂದು ನಿಲ್ಲಿಸಬೇಕೆ?

ಉತ್ತರ – ನಿವೃತ್ತ ಅಧ್ಯಾಪಕಿ, ರಾಯಚೂರು

ನಿಲ್ಲಿಸಬೇಕಾಗಿಲ್ಲ. ಆ ಚುಕ್ಕೆ ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬಹುದಾದ ಜಾಗದ ಗುರುತು. ಬಾಯಲ್ಲಿ ‘ಮ’ ಮುಂದಿನ ಸ್ವರಕ್ಕೆ ಕೂಡಿಕೊಂಡೇ ಬರುತ್ತದೆ. ಮೊದಲು ‘ಆಮಟ್ರಿ’ ಎಂಬ ಬಾಲವನ್ನಷ್ಟೇ ಹತ್ತು ಸಲ ಗಟ್ಟಿಯಾಗಿ ಹೇಳಿ, ಬಳಿಕ ‘ಸ್ಟಾಯ್ಕಿ’ಯನ್ನು ಮುಂದೆ ಸೇರಿಸಿಕೊ.