ಪದ ಬೇಕು (ತುರ್ತು): ಸೆಂಟ್ರೋಮಿಯರ್, ಕೈನೆಟೊಕೋರ್, ಜೊತೆಗೆ 'ನಿರ್ವಹಣೆ'ಯ ತಕರಾರು

ಎಲ್ಲರಿಗೂ ನಮಸ್ಕಾರ.

ಜೀವಕೋಶ ವಿಭಜನೆಯ ಪ್ರದರ್ಶನ ಫಲಕಗಳು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ನಾಲ್ಕನೆಯದು ಮಾತ್ರ ನಿಂತಿದೆ. ಚಿತ್ರದಲ್ಲಿ ಮೂರು ಬಾಣ: (ಅ) ವರ್ಣತಂತುವಿನ ಸಪೂರ ಜಾಗ, ಅಂದರೆ ಸೆಂಟ್ರೋಮಿಯರ್, (ಆ) ಅದರ ಮೇಲೆ ಕಟ್ಟಿಕೊಳ್ಳುವ ಪ್ರೋಟೀನ್ ಜೋಡಣೆ, ಕೈನೆಟೊಕೋರ್, (ಇ) ಎಳೆಯುವ ಸೂಕ್ಷ್ಮನಾಳ. ಮೂರನೆಯದು ಸರಿಯಿದೆ. ಕೈಗೆ ಬಂದ ಕರಡಿನಲ್ಲಿ ಅ, ಆ ಎರಡಕ್ಕೂ 'ಕೇಂದ್ರಬಿಂದು' ಎಂದೇ ಇದೆ. ತಲೆಬರಹ: 'ಕೇಂದ್ರಬಿಂದುವಿನ ನಿರ್ಮಾಣ, ನಿರ್ವಹಣೆ ಹಾಗೂ ವರ್ಣತಂತು ಪ್ರತ್ಯೇಕೀಕರಣ'. ಓದಿದರೆ ಟೆಂಡರ್ ಪ್ರಕಟಣೆಯ ಹಾಗಿದೆ. ಬಾಣದ ಪಕ್ಕ ಒಂದೇ ಪದಕ್ಕೆ ಜಾಗ. ದಯವಿಟ್ಟು ಇವತ್ತೇ ಹೇಳಿ.

* * *

ಕೇಂದ್ರಬಿಂದು ಬೇಡ. ಅದು ಕೇಂದ್ರದಲ್ಲೂ ಇರಬೇಕಿಲ್ಲ, ಬಿಂದುವೂ ಅಲ್ಲ. ಮನುಷ್ಯರ 13, 14, 15, 21, 22ನೇ ವರ್ಣತಂತುಗಳಲ್ಲಿ ಒಂದು ತುದಿಗೆ ಒತ್ತಿಕೊಂಡಿದೆ. ಇಲಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ತುದಿಯಲ್ಲೇ. ಸಿ. ಎಲೆಗಾನ್ಸ್ ಎಂಬ ದುಂಡುಹುಳದಲ್ಲಿ ತಂತುವಿನ ಉದ್ದಕ್ಕೂ ಹರಡಿದೆ. ಮೇಲಾಗಿ 'ಕೋಶಕೇಂದ್ರ' ಆಗಲೇ ನ್ಯೂಕ್ಲಿಯಸ್ಸಿಗೆ ಹೋಗಿದೆ, ವಿಭಜನೆಯಾಗುವ ಕೋಶದ ಎರಡು ತುದಿಗಳಲ್ಲಿ, ಅಂದರೆ ಧ್ರುವಗಳಲ್ಲಿ, ಕೂರುವ ಸೆಂಟ್ರೋಸೋಮನ್ನೂ ಯಾರಾದರೂ 'ಕೇಂದ್ರಕಾಯ' ಎಂದೇ ಬರೆಯುತ್ತಾರೆ. ಒಂದು ಚಿತ್ರ, ಮೂರು ಕೇಂದ್ರ.

* * *

ಅಚ್ಚಗನ್ನಡದಲ್ಲಿ ಸಿದ್ಧ ಪದವೇ ಇದೆ: ನಡುಗಟ್ಟು. ನಡು ಎಂದರೆ ಮಧ್ಯವಷ್ಟೇ ಅಲ್ಲ, ಸೊಂಟ. ಸಣ್ಣಗಾದ ಜಾಗಕ್ಕೆ ಇದಕ್ಕಿಂತ ಒಪ್ಪುವ ಮಾತು ಯಾವುದು? ವರ್ಣತಂತುವನ್ನೂ ಬಣ್ಣದೆಳೆ ಮಾಡಿ.

ಇನ್ನು 'ಕೇಂದ್ರ' ನಮ್ಮದೇ ಸಂಸ್ಕೃತ ಎಂದು ಅಪ್ಪಿಕೊಳ್ಳುವವರಿಗೆ: ಅದು ಗ್ರೀಕಿನ ಕೆಂಟ್ರಾನ್. ಮೊನಚು, ಎತ್ತಿಗೆ ತಿವಿಯುವ ಕೋಲು, ಚೇಳಿನ ಕೊಂಡಿ ಎಂದೆಲ್ಲ ಅರ್ಥ. ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು ಕೇಂದ್ರವಾಯಿತು. 1936ರಲ್ಲಿ ಜೀವವಿಜ್ಞಾನಿ ಡಾರ್ಲಿಂಗ್ಟನ್ ಸೆಂಟ್ರೋಮಿಯರ್ ಎಂದು ಕಟ್ಟಿದ್ದೂ ಅದೇ ಬೇರಿನಿಂದ. ಹಾಗಾಗಿ ಕೇಂದ್ರ ಬೇಕು, ಸೆಂಟ್ರೋ ಬೇಡ ಎನ್ನುವುದು ಅಣ್ಣನನ್ನು ಒಳಗೆ ಕರೆದು ತಮ್ಮನಿಗೆ ಬಾಗಿಲು ಹಾಕಿದಂತೆ.

* * *

> ನಡು ಎಂದರೆ ಸೊಂಟ

ಇಲಿಗೆ ಕುತ್ತಿಗೆಯಲ್ಲಿ ಸೊಂಟವೇ?

ರೂಪ ನೋಡಿ ಹೆಸರಿಟ್ಟರೆ ಹೀಗೇ ಆಗುವುದು. ಸಪೂರವಾಗಿ ಕಾಣುವುದು ವಿಭಜನೆಯ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತಿನಲ್ಲಿ ಸೊಂಟವೂ ಇಲ್ಲ, ಗಂಟೂ ಇಲ್ಲ. ಸೆಂಟ್ರೋಮಿಯರ್ ಮಾತ್ರ ಇದ್ದೇ ಇರುತ್ತದೆ. ಅದನ್ನು ನಿಗದಿಮಾಡುವುದು ಡಿಎನ್‌ಎ ಅಕ್ಷರಗಳ ಸಾಲೂ ಅಲ್ಲ. ಬ್ರೆಡ್ಡಿನ ಯೀಸ್ಟಿನಲ್ಲಿ ಸುಮಾರು 125 ಅಕ್ಷರಗಳ ಗೊತ್ತಾದ ಸಾಲು ಸಾಕು, ಸರಿ. ಮನುಷ್ಯರಲ್ಲಿ 171 ಅಕ್ಷರಗಳ ತುಣುಕು ಸಾವಿರಾರು ಸಲ ಮರುಕಳಿಸಿರುತ್ತದೆ. ಆದರೆ ಆ ತುಣುಕೇ ಇಲ್ಲದ ಕಡೆಯೂ ಹೊಸ ಸೆಂಟ್ರೋಮಿಯರ್ ಎದ್ದದ್ದು 1993ರಲ್ಲೇ ದಾಖಲಾಗಿದೆ. ನಿಜವಾದ ಗುರುತು ಸೆನ್ಪ್-ಎ ಎಂಬ ಪ್ರೋಟೀನು. ಡಿಎನ್‌ಎ ಸುತ್ತಿಕೊಳ್ಳುವ ಉರುಳೆಯಲ್ಲಿ ಮಾಮೂಲಿ ಪ್ರೋಟೀನಾದ ಎಚ್3 ಹಿಸ್ಟೋನಿನ ಜಾಗದಲ್ಲಿ ಅದು ಕೂತಿರುತ್ತದೆ.

'ನಿರ್ವಹಣೆ'ಯೂ ತಪ್ಪು, ಕಾರಣ ಕೇಳಿ. ಡಿಎನ್‌ಎ ನಕಲಾಗುವಾಗ ಇದ್ದ ಸೆನ್ಪ್-ಎ ಎರಡು ಪ್ರತಿಗಳಿಗೂ ಅರ್ಧರ್ಧ ಹೋಗುತ್ತದೆ. ಎಚ್3 ಆಗಲೇ ಭರ್ತಿಯಾಗುತ್ತದೆ, ಇದು ಮಾತ್ರ ಆಗುವುದಿಲ್ಲ. ತೆರವಾದ ಕಡೆ ಎಚ್3ರದೇ ಇನ್ನೊಂದು ರೂಪವಾದ ಎಚ್3.3 ಹಂಗಾಮಿಯಾಗಿ ಕೂರುತ್ತದೆ. ಕೋಶ ಅರ್ಧ ಗುರುತಿನಲ್ಲೇ ವಿಭಜನೆ ಮುಗಿಸುತ್ತದೆ. ಆಮೇಲೆ, ವಿಭಜನೆ ಮುಗಿದೊಡನೆ ಬರುವ ಜಿ1 ಹಂತದ ಆರಂಭದಲ್ಲಿ, ಮಿಸ್18 ಪ್ರೋಟೀನುಗಳು ಹಳೆಯ ಗುರುತಿನ ಬಳಿ ಬಂದು ಜಾಗ ಅಣಿಮಾಡುತ್ತವೆ. ಎಚ್‌ಜೆಯುಆರ್‌ಪಿ ಎಂಬ ವಾಹಕ ಪ್ರೋಟೀನು ಹೊಸ ಸೆನ್ಪ್-ಎ ಹೊತ್ತು ತಂದು ಇಡುತ್ತದೆ. ಅಲ್ಲಿಯವರೆಗೆ ವಿಭಜನೆಯ ಚಕ್ರ ನಡೆಸುವ ಸಿಡಿಕೆ ಕಿಣ್ವಗಳು ಇದನ್ನು ತಡೆದಿರುತ್ತವೆ, ಪಿಎಲ್‌ಕೆ1 ಎಂಬ ಇನ್ನೊಂದು ಕಿಣ್ವ ಒಪ್ಪಿಗೆಯ ಮುದ್ರೆ ಒತ್ತಬೇಕು. ಈ ಭರ್ತಿ ತಪ್ಪಿದರೆ ಪ್ರತಿ ವಿಭಜನೆಗೂ ಗುರುತು ತೆಳುವಾಗುತ್ತ ಹೋಗಿ ಕೊನೆಗೆ ಹಿಡಿಯಲು ಏನೂ ಉಳಿಯದು. ವಿಪರೀತವಾದರೆ ತಂತುವಿನ ತೋಳುಗಳ ಮೇಲೂ ಹರಡುತ್ತದೆ. ಒಂದೇ ತಂತುವಿಗೆ ಎರಡು ಸೆಂಟ್ರೋಮಿಯರ್ ಆದರೆ ಎರಡೂ ಧ್ರುವಗಳಿಂದ ಎಳೆತ ಬಿದ್ದು ಅದು ಹರಿಯಬಹುದು. ಇದು ನಿರ್ವಹಣೆಯಲ್ಲ, ಅರ್ಧವಾದದ್ದನ್ನು ತುಂಬಿಕೊಳ್ಳುವುದು. ಹಾಗೆಯೇ ಬರೆಯಿರಿ.

* * *

> ಭರ್ತಿ, ಹಂಗಾಮಿ

ನಡುಗಟ್ಟು ಬೇಡ ಎನ್ನುವವರಿಗೆ ಇವೆಲ್ಲ ಅಡ್ಡಿಯಿಲ್ಲ ನೋಡಿ.

* * *

ಅವು ಕನ್ನಡ. ಕಚೇರಿಗೆ ಹೋದವರಿಗೆ ಗೊತ್ತು.

* * *

ಪ್ರತ್ಯೇಕೀಕರಣಕ್ಕೆ 'ಪಾಲಾಗುವುದು' ಹೇಗೆ? ಸಮಪಾಲು ಎನ್ನುವ ಭಾವ ಬರುತ್ತದೆ.

* * *

ನೀರುಪಾಲು, ಬೆಂಕಿಪಾಲು. ಬೇಡ. 'ಹಂಚಿಕೆ' ಸಾಕು.

ಆ ಬಾಣಕ್ಕೆ ಬರೋಣ. ಕೈನೆಟೊಕೋರ್ ಸೆಂಟ್ರೋಮಿಯರಿನ ಇನ್ನೊಂದು ಹೆಸರಲ್ಲ. ಸೆಂಟ್ರೋಮಿಯರ್ ನೆಲೆ, ಇದು ಅದರ ಮೇಲಿನ ಕಟ್ಟಡ. ಒಳಪದರದಲ್ಲಿ ಸೆನ್ಪ್-ಸಿ, ಸೆನ್ಪ್-ಎನ್ ಎಂಬ ಪ್ರೋಟೀನುಗಳು ಸೆನ್ಪ್-ಎ ಇರುವ ಉರುಳೆಯನ್ನು ಕಚ್ಚಿಕೊಂಡಿರುತ್ತವೆ. ಹೊರಗಡೆ ಎನ್‌ಡಿಸಿ80 ಎಂಬ ಪ್ರೋಟೀನು ಗುಂಪು ಚಾಚಿ ಸೂಕ್ಷ್ಮನಾಳವನ್ನು ಹಿಡಿಯುತ್ತದೆ. ಆದ್ದರಿಂದ 'ಹಿಡಿಕೆ' ಎಂದರೆ ಅರ್ಧ ಸತ್ಯ: ಹಿಡಿಕೆಯನ್ನು ಬೇರೆಯವರು ಹಿಡಿಯುತ್ತಾರೆ, ಇದು ತಾನೇ ಹಿಡಿಯುತ್ತದೆ. ತಪ್ಪು ಹಿಡಿದರೆ ಬಿಡಬೇಕು ಕೂಡ. ನಕಲಾದ ವರ್ಣತಂತುವಿನ ಜೋಡಿ ಎಳೆಗಳೆರಡೂ ಒಂದೇ ಧ್ರುವಕ್ಕೆ ಅಂಟಿದರೆ ನಡುವೆ ಬಿಗಿ ಇರುವುದಿಲ್ಲ. ಅರೋರಾ-ಬಿ ಕಿಣ್ವ ಆ ಹಿಡಿತ ಸಡಿಲಿಸಿ ಮತ್ತೆ ಹಿಡಿಯಲು ಬಿಡುತ್ತದೆ. ಒಂದೇ ಕೈನೆಟೊಕೋರನ್ನು ಎರಡೂ ಧ್ರುವಗಳು ಎಳೆದಾಗಲೇ ಕಷ್ಟ. ಹಿಡಿತವೂ ಇದೆ, ಬಿಗಿಯೂ ಇದೆ, ಕೋಶದ ತಪಾಸಣೆಗೆ ಎಲ್ಲ ಸರಿಯಾಗಿ ಕಾಣುತ್ತದೆ; ಬೇರೆಯಾಗುವಾಗ ಆ ತಂತು ನಡುವೆ ಹಿಂದೆ ಬೀಳುತ್ತದೆ.

ನನ್ನ ಸೂಚನೆ: ಎಳೆಗೊಂಡಿ. ಎಳೆಯ ಕೊಂಡಿ, ಎಳೆಯುವ ಕೊಂಡಿ, ಎರಡೂ ಹೊಂದುತ್ತದೆ.

* * *

ಚೇಳಿನ ಕೊಂಡಿ! ಕೆಂಟ್ರಾನ್! ಮೇಲೆ ಹೇಳಿದ್ದು ಇದನ್ನೇ. ಆದರೆ ಬೇರಿನ ಪ್ರಕಾರ ಕೊಂಡಿ ಸೆಂಟ್ರೋಮಿಯರಿಗೆ ಸಲ್ಲಬೇಕು, ಕೈನೆಟೊಕೋರಿಗಲ್ಲ. ಅದು ಕಿನೆಟೋ, ಖೋರಾ: ಚಲನೆಯ ತಾಣ.

* * *

ಬೇರು ಅಲ್ಲಿರಲಿ. ಫಲಕ ಓದುವವರು ಗ್ರೀಕರಲ್ಲ.

* * *

ಎಳೆಗೊಂಡಿ ಎಂದರೆ ಮೊದಲು ಎಳಸು ಕೊಂಡಿ ಅನ್ನಿಸಿತು, ಎಳೆಗರು ಇದ್ದಂತೆ. ಅದಿರಲಿ. ಒಂದಕ್ಕೆ ಕನ್ನಡ ಪದ, ಪಕ್ಕದ್ದಕ್ಕೆ ಇಂಗ್ಲಿಷಿನದು, ಇದು ಯಾವ ನ್ಯಾಯ? ಎರಡನ್ನೂ ಕನ್ನಡಿಸಿ ಅಥವಾ ಎರಡನ್ನೂ ಬಿಡಿ.

* * *

ಅಂಥ ನ್ಯಾಯ ಯಾವ ಭಾಷೆಯಲ್ಲೂ ಇಲ್ಲ. ಜೋಡಿ ಎಳೆಗಳನ್ನು ಬಿಗಿದ ಕೊಹೆಸಿನ್ ಉಂಗುರ ಸೆಂಟ್ರೋಮಿಯರಿನ ಹತ್ತಿರ ಬೇಗ ಕಳಚದಂತೆ ಕಾಯುವ ಪ್ರೋಟೀನಿನ ಹೆಸರು ಶುಗೋಶಿನ್. ಜಪಾನಿ ಮಾತು, ಕಾವಲು ದೈವ ಎಂದರ್ಥ. ಇಂಗ್ಲಿಷಿನವರು ಅದನ್ನು ಹಾಗೆಯೇ ಇಟ್ಟುಕೊಂಡರು, ಗ್ರೀಕಿನ ಪಕ್ಕದಲ್ಲೇ. ನಾವು ಮಾತ್ರ ಎರವಲಿಗೂ ಜಾತಕ ಕೂಡಿಸುತ್ತೇವೆ.

* * *

ಕಾವಲುದೈವ ಎಂದೇ ಇಡಬಹುದಿತ್ತು.

* * *

ಅರಿಸಮಾಸ.

* * *

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ. ಅ: ಸೆಂಟ್ರೋಮಿಯರ್. ಆ: ಎಳೆಗೊಂಡಿ (ಕೈನೆಟೊಕೋರ್). ತಲೆಬರಹ: 'ವರ್ಣತಂತುಗಳ ಸಮ ಹಂಚಿಕೆ: ಜೀವಕೋಶ ಸೆಂಟ್ರೋಮಿಯರನ್ನು ಕಟ್ಟುವ, ಅರ್ಧವಾದಾಗ ತುಂಬಿಕೊಳ್ಳುವ ಬಗೆ'. ಅಡಿಯಲ್ಲಿ ಒಂದು ಸಾಲು: 'ಸೆಂಟ್ರೋಮಿಯರ್ ಯಾವಾಗಲೂ ಮಧ್ಯದಲ್ಲೇ ಇರುವುದಿಲ್ಲ.' ಚಿತ್ರಕಾರರು ನಾಲ್ಕೂ ತಂತುಗಳಿಗೆ ಸರಿಯಾಗಿ ಮಧ್ಯದಲ್ಲೇ ಬರೆದಿದ್ದಾರೆ, ಎರಡನ್ನಾದರೂ ತುದಿಗೆ ಸರಿಸಲು ಹೇಳಿದ್ದೇನೆ.

* * *

'ಸೆಂಟ್ರೊ' ಹ್ರಸ್ವ. ಕೈನೆಟೊಕೋರಿನಲ್ಲಿ ಹ್ರಸ್ವ ಬರೆದು ಇಲ್ಲಿ ದೀರ್ಘ ಏಕೆ?