ಸಹಾಯ ಬೇಕು: ನನ್ನ ಫೈಟರ್ 3ನೇ ಲೆವೆಲ್‌ಗೆ ಬಂದ, ಮುಂದೇನು?

ಜಯನಗರದ ಗೆಳೆಯನ ಮನೆಯಲ್ಲಿ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯಾಟ) ಆಡುತ್ತೇವೆ, 2014ರ ರೂಲ್ಸ್. ಈಗ ನನ್ನ ಪಾತ್ರ ಫೈಟರ್‌ಗೆ ಸಬ್‌ಕ್ಲಾಸ್, ಅಂದರೆ ಯಾವ ಬಗೆಯ ಯೋಧ ಅಂತ, ಆರಿಸಬೇಕು. ಇಂಟೆಲಿಜೆನ್ಸ್ ಬರೀ 10, ಹಾಗಾಗಿ ಮಂತ್ರ ಹಾಕುವ ಎಲ್ಡ್ರಿಚ್ ನೈಟ್ ಬಿಟ್ಟೆ.

ಚಾಂಪಿಯನ್ ಸುಲಭ, ದಾಳಿ ಮಾಡುವಾಗ ಇಪ್ಪತ್ತು ಮುಖದ ದಾಳದಲ್ಲಿ 20 ಅಷ್ಟೇ ಅಲ್ಲ, 19 ಬಿದ್ದರೂ ಕ್ರಿಟಿಕಲ್ (ಜೋರು ಪೆಟ್ಟು). ಆದರೆ ಹೋದ ವಾರ ನನಗೆ 19 ಬಿದ್ದಿದ್ದು ಒಂದೇ ಸಲ, ಅದೂ ಬಾಗಿಲು ಒದೆಯುವಾಗ! ಬ್ಯಾಟಲ್ ಮಾಸ್ಟರ್‌ಗೆ ಎಂಟು ಮುಖದ ನಾಲ್ಕು ದಾಳ, ಅವನ್ನು ಖರ್ಚು ಮಾಡಿ ಹಾಕುವ ಮೂರು ಬಗೆಯ ಕಾಳಗದ ವರಸೆ. ಎದುರಾಳಿಯನ್ನು ಕೆಡವಬಹುದು, ಹೆದರಿಸಬಹುದು. ಮಜಾ ಅಲ್ವಾ? ಒಂದು ಸಂಜೆ ಕೂತು ಎರಡನ್ನೂ ಒಬ್ಬನೇ ಆಡಿ ನೋಡಿದೆ. ಮೊದಲ ಜಗಳದಲ್ಲೇ ನಾಲ್ಕೂ ದಾಳ ಖಾಲಿ. ರೆಸ್ಟ್ ಆಗದೆ ವಾಪಸ್ ಬರಲ್ಲ. ಆಟ ನಡೆಸುವ ನಮ್ಮ ಡಿಎಂ ಶಾರ್ಟ್ ರೆಸ್ಟ್ (ನಡುವೆ ಪಾತ್ರಗಳಿಗೆ ಸಿಗುವ ಚಿಕ್ಕ ವಿಶ್ರಾಂತಿ) ಕೊಡುವುದೇ ಅಪರೂಪ, ಮಹಾ ಜಿಪುಣ.

ಆಟದೊಳಗೆ ದಿನಕ್ಕೆ ಮೂರು ನಾಲ್ಕು ಜಗಳ, ಹೆಚ್ಚೆಂದರೆ ಒಂದು ಶಾರ್ಟ್ ರೆಸ್ಟ್. ಇಷ್ಟರಲ್ಲಿ ಬ್ಯಾಟಲ್ ಮಾಸ್ಟರ್ ನಡೆಯುತ್ತಾ, ಇಲ್ಲ ಚಾಂಪಿಯನ್ನೇ ವಾಸಿನಾ? ಆಡಿದವರು ಹೇಳಿ.